ಕತ್ತಿ ಯಾರ ಕೈಗೆ?

ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ಬ್ರಿಟನ್ನಿನ ಸೇನೆ ತನ್ನ ವಿಮಾನ ನಿರೋಧಕ ಫಿರಂಗಿ ದಳಗಳಿಗೆ ಹೆಂಗಸರನ್ನು ಸೇರಿಸಿಕೊಂಡಿತು. ಗಂಡಾಳುಗಳು ಸಾಲುತ್ತಿರಲಿಲ್ಲ, ಆ ದಳಗಳ ಮುಖ್ಯಸ್ಥರಾಗಿದ್ದ ಜನರಲ್ ಫ್ರೆಡರಿಕ್ ಪೈಲ್ ಅವರಿಗೆ ಬೇರೆ ದಾರಿ ಉಳಿದಿರಲಿಲ್ಲ. ರಾತ್ರಿಯ ಆಕಾಶದಲ್ಲಿ ಜರ್ಮನ್ ವಿಮಾನ ಬಂದರೆ ಅದು ಎಷ್ಟು ಎತ್ತರದಲ್ಲಿದೆ ಎಂದು ಅಳೆಯುತ್ತಿದ್ದವಳು ಹೆಂಗಸು. ಅದರ ವೇಗ, ದಿಕ್ಕುಗಳನ್ನು ಗಣಕಯಂತ್ರಕ್ಕೆ ಊಡಿಸಿ, ಗುಂಡು ಎಲ್ಲಿಗೆ ತಲುಪಬೇಕೆಂದು ತಿಳಿಸುತ್ತಿದ್ದವಳೂ ಹೆಂಗಸೇ. ಆದರೆ ಫಿರಂಗಿಗೆ ಗುಂಡು ತುಂಬಿ ಹಾರಿಸುವ ಕೆಲಸ ಮಾತ್ರ ಗಂಡಸಿನದು ಎಂದು ನಿಯಮವಿತ್ತು. ಪ್ರಧಾನಿ ಚರ್ಚಿಲ್ ಅವರ ಮಗಳು ಮೇರಿ ಕೂಡ ಇಂಥದೊಂದು ಮಿಶ್ರದಳದಲ್ಲಿದ್ದರು. ಮೇಲಿನಿಂದ ಬಾಂಬು ಬಿದ್ದಾಗ ಅದು ಗಂಡು ಹೆಣ್ಣೆಂದು ನೋಡುತ್ತಿರಲಿಲ್ಲ, ಆ ದಳಗಳ ಹೆಂಗಸರೂ ಸತ್ತರು. ಅದೇ ವರ್ಷ ಡಿಸೆಂಬರಿನಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಇಪ್ಪತ್ತರಿಂದ ಮೂವತ್ತು ವರ್ಷದೊಳಗಿನ ಅವಿವಾಹಿತ ಹೆಂಗಸರಿಗೂ ಕಡ್ಡಾಯ ಸೇವೆಯ ಕಾನೂನು ಮಾಡಿತು. ಅದರಲ್ಲೂ ಒಂದು ಷರತ್ತು ಸೇರಿಸಿತು: ತಾನು ಸಿದ್ಧ ಎಂದು ಬರೆದುಕೊಡದ ಹೊರತು ಯಾವ ಹೆಂಗಸಿನ ಕೈಗೂ ಕೊಲ್ಲುವ ಆಯುಧ ಕೊಡಕೂಡದು. ಸಾಯುವ ಅಪಾಯಕ್ಕೆ ಆಕೆಯ ಒಪ್ಪಿಗೆ ಬೇಕಿರಲಿಲ್ಲ, ಕೊಲ್ಲುವ ಅಧಿಕಾರಕ್ಕೆ ಬೇಕಿತ್ತು.

ಯುದ್ಧ ಗಂಡಸಿನ ಕೆಲಸ, ಅದು ಪ್ರಕೃತಿಯೇ ಮಾಡಿಕೊಟ್ಟ ವಿಭಾಗ ಎಂದು ನಾವೆಲ್ಲ ಬಹುಮಟ್ಟಿಗೆ ಒಪ್ಪಿಕೊಂಡುಬಿಟ್ಟಿದ್ದೇವೆ. ಇತಿಹಾಸವನ್ನು ಮೇಲಿನಿಂದ ನೋಡಿದರೆ ಹಾಗೆ ಅನಿಸುವುದು ಸಹಜ. ಅಮೆರಿಕದ ವಿದ್ವಾಂಸ ಜೋಶುವಾ ಗೋಲ್ಡ್‌ಸ್ಟೀನ್ ಈ ವಿಷಯದ ಮೇಲೆ 2001ರಲ್ಲಿ ಒಂದು ದೊಡ್ಡ ಪುಸ್ತಕ ಬರೆದರು. ಜಗತ್ತಿನ ಇತಿಹಾಸದುದ್ದಕ್ಕೂ ಕಾದಾಡಿದವರಲ್ಲಿ ಹೆಂಗಸರು ನೂರಕ್ಕೆ ಒಬ್ಬರಿಗಿಂತ ಕಡಿಮೆ ಎಂಬುದು ಅವರ ಅಂದಾಜು. ಇದನ್ನು ಅಲ್ಲಗಳೆಯಲು ನನ್ನ ಬಳಿ ಆಧಾರವಿಲ್ಲ, ಅಲ್ಲಗಳೆಯುವ ಉದ್ದೇಶವೂ ಇಲ್ಲ. ಪ್ರಶ್ನೆ ಬೇರೆ. ಈ ವಿಭಾಗ ದೇಹದಿಂದಲೇ ಬಂದಿದ್ದರೆ ಅದನ್ನು ಕಾಯಲು ಕಾನೂನು, ದಂಡನೆ, ಅವಮಾನ, ಸ್ವರ್ಗದ ಆಸೆ ಇಷ್ಟೆಲ್ಲ ಏಕೆ ಬೇಕಾಯಿತು? ಹೆಂಗಸರನ್ನು ತಡೆಯಲು ನಿಯಮ ಬೇಕಾಯಿತು, ಗಂಡಸರನ್ನು ತಳ್ಳಲೂ ನಿಯಮ ಬೇಕಾಯಿತು. ಯಾರು ಹೋರಾಡಬೇಕು ಎಂಬ ಗೆರೆಯನ್ನು ಎಳೆದದ್ದು ಆಳುವವರ ಅಗತ್ಯ ಮತ್ತು ಆಸ್ತಿ, ಮಾನ, ಹಕ್ಕುಗಳ ಹಂಚಿಕೆ. ದೇಹವನ್ನು ಆ ಗೆರೆಗೆ ಸಮರ್ಥನೆಯಾಗಿ ಆಮೇಲೆ ತಂದು ನಿಲ್ಲಿಸಲಾಯಿತು. ಇದು ನನ್ನ ವಾದ.

ಗಂಡಸರಿಂದಲೇ ಶುರುಮಾಡೋಣ, ಏಕೆಂದರೆ ಈ ಚರ್ಚೆಯಲ್ಲಿ ಅವರನ್ನು ಮರೆಯುವುದೇ ಹೆಚ್ಚು. ಕರ್ನಾಟಕದ ಹಳ್ಳಿಹಳ್ಳಿಯಲ್ಲಿ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಗುಡಿಯ ಅಂಗಳದಲ್ಲಿ ವೀರಗಲ್ಲುಗಳಿವೆ. ತುರುಗಳನ್ನು ಹಿಡಿದೊಯ್ದಾಗ ಬಿಡಿಸಲು ಹೋಗಿ ಸತ್ತವನಿಗೆ ಒಂದು, ಊರು ಮುರಿದುಬಿದ್ದಾಗ ಕಾದಿ ಸತ್ತವನಿಗೆ ಒಂದು, ಹೆಂಗಸರ ಮಾನಕ್ಕೆ ಕೈಹಾಕಿದಾಗ ಅಡ್ಡಬಂದು ಸತ್ತವನಿಗೆ ಒಂದು. ಈ ಕೊನೆಯ ಬಗೆಯನ್ನು ಶಾಸನಗಳು ಪೆಣ್ಬುಯ್ಯಲು ಎನ್ನುತ್ತವೆ. ಇವುಗಳ ಕೆತ್ತನೆಯಲ್ಲಿ ಸಾಮಾನ್ಯವಾಗಿ ಮೂರು ಹಂತ. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿರುವುದು, ಮೇಲೆ ಶಿವಲಿಂಗದ ಸನ್ನಿಧಿ. ಗೆದ್ದರೆ ಸಂಪತ್ತು, ಸತ್ತರೆ ಸುರಾಂಗನೆಯರು, ಹೀಗಿರುವಾಗ ಸಾವಿನ ಚಿಂತೆ ಏಕೆ ಎಂಬ ಅರ್ಥದ ಶ್ಲೋಕವನ್ನು ಹಲವು ಕಲ್ಲುಗಳ ಮೇಲೆ ಕೆತ್ತಿದ್ದಾರೆ. ಇಹಲೋಕದಲ್ಲಿ ಬದುಕುಳಿದವರಿಗೂ ಏರ್ಪಾಡಿತ್ತು. ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಬಿಡುತ್ತಿದ್ದರು. ಇದು ಒಂದು ಸಮಾಜ ತನ್ನ ಗಂಡಸರನ್ನು ಸಾಯಲು ಒಪ್ಪಿಸಲು ಕಟ್ಟಿಕೊಂಡ ಪೂರ್ತಿ ವ್ಯವಸ್ಥೆ: ಪರಲೋಕ, ಕೀರ್ತಿ, ಭೂಮಿ. ಹುಟ್ಟಿನಿಂದಲೇ ಹೋರಾಡುವ ಸ್ವಭಾವದವನಿಗೆ ಇಷ್ಟು ಆಸೆ ತೋರಿಸಬೇಕಾಗಿರಲಿಲ್ಲ.

ಆಸೆಯ ಜೊತೆಗೆ ಅವಮಾನವೂ ಇತ್ತು. ವಿರಾಟನ ಮಗ ಉತ್ತರ ಅಂತಃಪುರದಲ್ಲಿ ಪ್ರತಾಪ ಕೊಚ್ಚಿಕೊಂಡು, ಕೌರವ ಸೇನೆಯನ್ನು ಕಂಡೊಡನೆ ರಥದಿಂದ ಹಾರಿ ಓಡಿದವನು. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಇಂದಿಗೂ ಬಳಕೆಯಲ್ಲಿದೆ. ಹೆದರಿದ ಗಂಡಸನ್ನು ಹಳಿಯಬೇಕಾದರೆ ಅವನನ್ನು ಅಡುಗೆಮನೆಗೆ ತಂದು ನಿಲ್ಲಿಸಬೇಕು, ಕೈಗೆ ಬಳೆ ತೊಟ್ಟುಕೋ ಅನ್ನಬೇಕು. ಮಾಸ್ತಿಕಲ್ಲುಗಳಲ್ಲಿ ಗಂಡನ ಹಿಂದೆ ಚಿತೆಯೇರಿದ ಹೆಂಗಸಿನ ಗುರುತಾಗಿ ಬಳೆ ತೊಟ್ಟ, ಮೇಲೆತ್ತಿದ ಕೈಯೊಂದನ್ನು ಕೆತ್ತುತ್ತಾರೆ. ಒಂದೇ ಬಳೆ ಅವಳ ಕಲ್ಲಿನ ಮೇಲೆ ಪೂಜೆಗೆ ಪಾತ್ರವಾಯಿತು, ಅವನ ಕೈಗೆ ಬಂದರೆ ಬೈಗುಳವಾಯಿತು. ಅವನಿಗೆ ರಣರಂಗ, ಅವಳಿಗೆ ಚಿತೆ ಎಂದು ಇಬ್ಬರ ಸಾವನ್ನೂ ಸಮಾಜ ಮೊದಲೇ ಹಂಚಿಟ್ಟಿತ್ತು.

ಇದು ಹಳೆಯ ಕಾಲದ ಮಾತಾಯಿತು ಎನ್ನುವಂತಿಲ್ಲ. 1914ರ ಆಗಸ್ಟಿನಲ್ಲಿ, ಮೊದಲ ಮಹಾಯುದ್ಧ ಆರಂಭವಾದ ತಿಂಗಳಲ್ಲೇ, ಇಂಗ್ಲೆಂಡಿನ ಫೋಕ್‌ಸ್ಟನ್ ಪಟ್ಟಣದಲ್ಲಿ ಚಾರ್ಲ್ಸ್ ಪೆನ್ರೋಸ್ ಫಿಟ್ಜ್‌ಜೆರಾಲ್ಡ್ ಎಂಬ ನಿವೃತ್ತ ನೌಕಾಧಿಕಾರಿ ಮೂವತ್ತು ಮಂದಿ ಹೆಂಗಸರನ್ನು ಒಟ್ಟುಗೂಡಿಸಿದ. ಸಮವಸ್ತ್ರ ತೊಡದ ಪ್ರಾಯದ ಗಂಡಸು ಕಂಡರೆ ಅವನ ಕೈಗೆ ಒಂದು ಬಿಳಿ ಗರಿ ಕೊಡುವುದು ಅವರ ಕೆಲಸ. ನೀನು ಹೇಡಿ ಎಂದು ಅದರ ಅರ್ಥ. ಈ ಪದ್ಧತಿ ದೇಶವೆಲ್ಲ ಹಬ್ಬಿತು. ಗಾಯಗೊಂಡು ರಜೆಯ ಮೇಲೆ ಮನೆಗೆ ಬಂದ ಸೈನಿಕರ ಕೈಗೂ ಗರಿ ಬಂದದ್ದುಂಟು. ನಾಚಿಕೆ ಸಾಲದಾದಾಗ ಕಾನೂನು ಬಂತು. 1916ರ ಜನವರಿಯಲ್ಲಿ ಅವಿವಾಹಿತ ಗಂಡಸರಿಗೆ ಸೇನಾಸೇವೆ ಕಡ್ಡಾಯವಾಯಿತು; ಅದೇ ವರ್ಷದ ಮೇ ತಿಂಗಳಲ್ಲಿ ವಿವಾಹಿತರಿಗೂ ಆಯಿತು; 1918ರಲ್ಲಿ ವಯಸ್ಸಿನ ಮಿತಿಯನ್ನು ಐವತ್ತರ ಹತ್ತಿರಕ್ಕೆ ಏರಿಸಿದರು. ರಣರಂಗದಿಂದ ಓಡಿದ್ದು, ಹೆದರಿದ್ದು ಇಂಥ ತಪ್ಪುಗಳಿಗೆ ಬ್ರಿಟಿಷ್ ಸೇನೆ ಆ ಯುದ್ಧದಲ್ಲಿ ಗುಂಡಿಟ್ಟು ಕೊಂದ 306 ಸೈನಿಕರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ, ತೊಂಬತ್ತು ವರ್ಷ ಕಳೆದ ಮೇಲೆ. ಅವರಲ್ಲಿ ಎಷ್ಟೋ ಮಂದಿ ಶೆಲ್ ದಾಳಿಯ ಆಘಾತದಿಂದ ಮನಸ್ಸು ಕೆಟ್ಟವರು. ಗಂಡಸಿನ ಸ್ವಭಾವವೇ ಯುದ್ಧ ಎನ್ನುವವರು ಈ 306 ಮಂದಿಗೆ ಉತ್ತರ ಹೇಳಬೇಕು.

ಇನ್ನೂ ಒಂದು ಸಂಗತಿಯಿದೆ. ಎಲ್ಲ ಗಂಡಸರೂ ಹೋರಾಡಬೇಕೆಂದು ಎಲ್ಲ ಕಾಲದಲ್ಲೂ ನಿರೀಕ್ಷೆ ಇರಲಿಲ್ಲ. ಶಾಸ್ತ್ರಗಳು ಯುದ್ಧವನ್ನು ಕ್ಷತ್ರಿಯನಿಗೆ ವಹಿಸಿದವು, ಉಳಿದವರನ್ನು ಹೊರಗಿಟ್ಟವು. ಭೀಷ್ಮ ಶಿಖಂಡಿಯ ಮೇಲೆ ಬಾಣ ಬಿಡುವುದಿಲ್ಲ ಎಂದದ್ದು ಎಷ್ಟು ಪ್ರಸಿದ್ಧವೋ, ಸೂತಪುತ್ರ ಎಂದು ಕರ್ಣನನ್ನು ಅಸ್ತ್ರಪ್ರದರ್ಶನದ ಕಣದಲ್ಲಿ ತಡೆದದ್ದೂ ಅಷ್ಟೇ ಪ್ರಸಿದ್ಧ. ಬ್ರಿಟಿಷರ ಕಾಲಕ್ಕೆ ಬಂದರೆ ಇದಕ್ಕೆ ಕಡತಗಳ ಸಾಕ್ಷಿಯೇ ಸಿಗುತ್ತದೆ. 1857ರ ನಂತರ ಅವರು ಭಾರತದ ಜನರನ್ನು ಕಾದಾಡುವ ಕುಲಗಳು, ಕಾದಾಡಲಾಗದ ಕುಲಗಳು ಎಂದು ಎರಡು ಭಾಗ ಮಾಡಿದರು. 1885ರಿಂದ 1893ರವರೆಗೆ ದಂಡನಾಯಕನಾಗಿದ್ದ ರಾಬರ್ಟ್ಸ್ ಈ ಸಿದ್ಧಾಂತದ ದೊಡ್ಡ ಪ್ರತಿಪಾದಕ. ವಾಯವ್ಯ ಭಾರತದವರು ಮತ್ತು ಗೂರ್ಖಾಗಳು ಹುಟ್ಟು ಯೋಧರು, ದಕ್ಷಿಣದವರು ಮೆತ್ತಗಿನವರು ಎಂಬ ನಂಬಿಕೆಯಿಂದ ಮದರಾಸು ಸೇನೆಯ ಭರ್ತಿ ಕುಗ್ಗಿತು. ದಕ್ಷಿಣದಲ್ಲಿ ಯುದ್ಧಗಳನ್ನು ಗೆದ್ದುಕೊಟ್ಟದ್ದು ಅದೇ ಮದರಾಸು ಸೇನೆ. ಮಹಾರ್ ಸಮುದಾಯದ ಕಥೆ ಇದಕ್ಕಿಂತ ಕಠಿಣ. 1818ರ ಕೋರೆಗಾಂವ್ ಕದನದಲ್ಲಿ ಕಂಪನಿಯ ಪರವಾಗಿ ಹೋರಾಡಿ ಸತ್ತ ಮಹಾರರ ಹೆಸರುಗಳು ಅಲ್ಲಿನ ಸ್ತಂಭದ ಮೇಲಿವೆ. ಆದರೂ 1890ರ ದಶಕದಲ್ಲಿ ಅವರಿಗೆ ಸೇನೆಯ ಬಾಗಿಲು ಮುಚ್ಚಿತು. ಮೊದಲ ಮಹಾಯುದ್ಧದಲ್ಲಿ ಆಳು ಬೇಕಾದಾಗ ಒಂದು ತುಕಡಿಗೆ ಅವಕಾಶ ಕೊಟ್ಟರು, ಯುದ್ಧ ಮುಗಿದ ಮೇಲೆ ಅದನ್ನು ವಿಸರ್ಜಿಸಿದರು, 1941ರಲ್ಲಿ ಮಹಾರ್ ರೆಜಿಮೆಂಟ್ ಕಟ್ಟಿದರು. ಆ ಜನರ ತೋಳಿನ ಬಲ ಐವತ್ತು ವರ್ಷದಲ್ಲಿ ಎರಡು ಸಲ ಕುಗ್ಗಿ ಎರಡು ಸಲ ಬೆಳೆಯಲಿಲ್ಲ. ಸೇನಾ ಸುಬೇದಾರರ ಮಗನಾಗಿ ಹುಟ್ಟಿದ ಅಂಬೇಡ್ಕರ್ ಅವರಿಗೆ ಆ ಬಾಗಿಲು ಮುಚ್ಚಿದ್ದರ ಅರ್ಥ ಚೆನ್ನಾಗಿ ಗೊತ್ತಿತ್ತು: ಅದರೊಂದಿಗೆ ಸಂಬಳ, ಪಿಂಚಣಿ, ಮಕ್ಕಳಿಗೆ ಓದು, ಊರಲ್ಲಿ ತಲೆಯೆತ್ತಿ ನಡೆಯುವ ಧೈರ್ಯ ಎಲ್ಲವೂ ಹೋಗುತ್ತಿದ್ದವು.

ಜಾತಿಯ ವಿಷಯದಲ್ಲಿ ನಡೆದದ್ದೇ ಹೆಣ್ಣಿನ ವಿಷಯದಲ್ಲೂ ನಡೆದಿದೆ ಎಂದು ನೋಡಿದರೆ ನಮ್ಮ ವೀರರಾಣಿಯರ ಚರಿತ್ರೆ ಬೇರೆ ರೀತಿ ತೆರೆದುಕೊಳ್ಳುತ್ತದೆ. ಅವರನ್ನು ಅಪವಾದ, ದೇವಿಯ ಅಂಶ ಎಂದೆಲ್ಲ ಹೇಳಿ ಪಕ್ಕಕ್ಕಿಡುವುದು ರೂಢಿ. ಆದರೆ ಅವರು ಕತ್ತಿ ಹಿಡಿದ ಸಂದರ್ಭಗಳಲ್ಲಿ ಒಂದು ಕ್ರಮವಿದೆ. ಉಳ್ಳಾಲದ ಅಬ್ಬಕ್ಕ ಪೋರ್ಚುಗೀಸರನ್ನು ಎದುರಿಸಿದ್ದು ಅಳಿಯಸಂತಾನದ ನಾಡಿನಲ್ಲಿ. ಅಲ್ಲಿ ಪಟ್ಟ ಹೆಣ್ಣಿನ ಕಡೆಯಿಂದ ಸಾಗುತ್ತಿತ್ತು, ಅವಳು ತನ್ನ ಹಕ್ಕಿನಿಂದಲೇ ರಾಣಿ. ಕೆಳದಿಯ ಚೆನ್ನಮ್ಮ ವಿಧವೆಯಾಗಿ ರಾಜ್ಯವಾಳುತ್ತಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರುಹಾಕಿಕೊಂಡಳು. ಕಿತ್ತೂರಿನ ಚೆನ್ನಮ್ಮನಿಗೂ ಗಂಡ ಇರಲಿಲ್ಲ, ಮಗನೂ ಇರಲಿಲ್ಲ. ದತ್ತು ಮಗನನ್ನು ಕಂಪನಿ ಒಪ್ಪಲಿಲ್ಲ. ಅವಳು ಎದುರುನಿಂತಳು, 1824ರ ಅಕ್ಟೋಬರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಸತ್ತ. ಅವರಿಗಿಂತ ಬಹಳ ಹಿಂದೆ, 11ನೆಯ ಶತಮಾನದಲ್ಲಿ, ಚಾಲುಕ್ಯ ಜಯಸಿಂಹನ ಅಕ್ಕ ಅಕ್ಕಾದೇವಿ ನಾಡುಗಳನ್ನು ಆಳಿದಳು, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ಶಾಸನ ಅವಳನ್ನು ರಣಭೈರವಿ ಎಂದು ಕರೆಯುತ್ತದೆ. ಭೂಮಿ, ಪಟ್ಟ, ಕೋಟೆ ಹೆಣ್ಣಿನ ಕೈಗೆ ಬಂದಾಗಲೆಲ್ಲ ಯುದ್ಧದ ಹೊಣೆಯೂ ಅದರ ಜೊತೆಗೇ ಬಂತು, ಸೇನೆ ಅವಳ ಮಾತು ಕೇಳಿತು. ಆಸ್ತಿಯಿಲ್ಲದ ಹೆಂಗಸಿಗೆ ಆಯುಧವೂ ಇರಲಿಲ್ಲ. ಚಿತ್ರದುರ್ಗದ ಓಬವ್ವನ ಕಥೆಯಲ್ಲಿ ಇದು ಕಣ್ಣಿಗೆ ಹೊಡೆಯುವಂತಿದೆ. ಅವಳು ಕಾವಲುಗಾರನ ಹೆಂಡತಿ, ಕೋಟೆಯೊಳಗೇ ಬದುಕಿದವಳು, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳಿ ಬಂದದ್ದನ್ನು ಕಂಡವಳು. ಆಗ ಅವಳ ಕೈಗೆ ಸಿಕ್ಕಿದ್ದು ಒನಕೆ ಎನ್ನುತ್ತದೆ ಜನಪರಂಪರೆ. ಆಕೆಯ ಸಾಹಸವನ್ನು ಕೊಂಡಾಡುವ ನಾವು, ಅಷ್ಟು ದೊಡ್ಡ ಕೋಟೆಯಲ್ಲಿ ಅವಳಿಗೆ ಒಂದು ಕತ್ತಿ ಏಕೆ ಇರಲಿಲ್ಲ ಎಂದು ಕೇಳುವುದಿಲ್ಲ.

ಶ್ರವಣಬೆಳಗೊಳದಲ್ಲಿ ಸುಮಾರು 10ನೆಯ ಶತಮಾನದ ಒಂದು ವೀರಗಲ್ಲಿದೆ. ಸಾವಿಯಬ್ಬೆ ಎಂಬ ಹೆಂಗಸು ಗಂಡನ ಜೊತೆ ಯುದ್ಧಕ್ಕೆ ಹೋಗಿ, ಬಗೆಯೂರಿನಲ್ಲಿ ಕಾದಿ ಸತ್ತದ್ದರ ನೆನಪಿಗೆ ನಿಲ್ಲಿಸಿದ್ದು. ಆನೆಯ ಮೇಲಿರುವವನಿಗೆ ಎದುರಾಗಿ, ಕುದುರೆಯೇರಿ ಕತ್ತಿ ಎತ್ತಿರುವ ಹೆಣ್ಣನ್ನು ಅಲ್ಲಿ ಕೆತ್ತಿದ್ದಾರೆ. ಇವಳು ರಾಣಿಯಲ್ಲ. ಶಾಸನವಾದರೋ ಅವಳ ಹೋರಾಟವನ್ನು ಮರೆಮಾಡದೆ ಹೇಳಿದರೂ, ಹೊಗಳುವಾಗ ಅವಳನ್ನು ಪತಿವ್ರತೆಯರ, ಧರ್ಮನಿಷ್ಠ ಶ್ರಾವಕಿಯರ ಸಾಲಿಗೆ ಸೇರಿಸುತ್ತದೆ. ವೀರನಿಗೆ ಮೀಸಲಾದ ಮಾತುಗಳು ಹೆಣ್ಣಿನ ಅಳತೆಗೆ ಇರಲಿಲ್ಲ. ಸ್ವರ್ಗದ ಬಹುಮಾನವೂ ಸುರಾಂಗನೆಯರೇ ಆಗಿದ್ದರಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಅದೇ ಶತಮಾನದಲ್ಲಿ ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದರು. ನಿಷ್ಠೆಯಿಂದ ಸತ್ತ ಪ್ರಾಣಿಯನ್ನೂ ನೆನೆಯುವಷ್ಟು ಹೃದಯವಂತ ಸಮಾಜ ಅದು. ಅಂಥ ಸಮಾಜದಲ್ಲೂ ಹೋರಾಡಿದ ಹೆಂಗಸರ ಕಲ್ಲುಗಳು ಬೆರಳೆಣಿಕೆಯಷ್ಟೇ.

ದಾಖಲೆ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಸ್ವೀಡನ್ನಿನ ಬಿರ್ಕಾದಿಂದ ಒಂದು ಉದಾಹರಣೆ ಇದೆ. 1878ರಲ್ಲಿ ಅಲ್ಲಿ ವೈಕಿಂಗರ ಕಾಲದ ಒಂದು ಸಮಾಧಿಯನ್ನು ಅಗೆದರು. ಕತ್ತಿ, ಕೊಡಲಿ, ಈಟಿ, ಬಾಣಗಳು, ಎರಡು ಕುದುರೆಗಳು. ದೊಡ್ಡ ಯೋಧನ ಸಮಾಧಿ ಎಂದು ಎಲ್ಲರೂ ಒಪ್ಪಿದರು, ನೂರಕ್ಕೂ ಹೆಚ್ಚು ವರ್ಷ ಪುಸ್ತಕಗಳಲ್ಲಿ ಹಾಗೇ ಬರೆದರು. 2017ರಲ್ಲಿ ಎಲುಬಿನ ಡಿಎನ್‌ಎ ಪರೀಕ್ಷೆ ಅದು ಹೆಂಗಸಿನದು ಎಂದು ತೋರಿಸಿತು. ಆಗ, ಆಯುಧದ ಜೊತೆ ಹೂಳಿದ ಮಾತ್ರಕ್ಕೆ ಯೋಧೆ ಎನ್ನಲಾಗದು ಎಂಬ ಆಕ್ಷೇಪ ಬಂತು. ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ಎಲುಬು ಗಂಡಸಿನದು ಎಂದು ನಂಬಿದ್ದ ಕಾಲದುದ್ದಕ್ಕೂ ಈ ಪ್ರಶ್ನೆ ಏಳಲಿಲ್ಲ. ಸಾಕ್ಷಿಗೆ ಎರಡು ತಕ್ಕಡಿ ಇಟ್ಟುಕೊಂಡರೆ ಹೆಂಗಸರು ಎಂದೂ ಹೋರಾಡಲಿಲ್ಲ ಎಂಬ ತೀರ್ಮಾನ ತಾನಾಗಿಯೇ ಬರುತ್ತದೆ.

ಇಷ್ಟರ ಮೇಲೂ ಇವರೆಲ್ಲ ಅಪವಾದಗಳೇ ಎನ್ನುವವರು ಸೋವಿಯತ್ ಒಕ್ಕೂಟದ ಕಡೆ ನೋಡಬೇಕು. 1941ರ ಜೂನಿನಲ್ಲಿ ಜರ್ಮನಿ ದಾಳಿ ಮಾಡಿದ ಮೇಲೆ ಯುದ್ಧ ಮುಗಿಯುವ ಹೊತ್ತಿಗೆ ಸುಮಾರು ಎಂಟು ಲಕ್ಷ ಹೆಂಗಸರು ಆ ದೇಶದ ಸೇನೆಯಲ್ಲಿ ದುಡಿದರು. ದಾದಿಯರು, ವೈದ್ಯರು, ತಂತಿ ಕಳಿಸುವವರು ಮಾತ್ರವಲ್ಲ; ಗುರಿಕಾರರು, ಮೆಷಿನ್‌ಗನ್ ಹಿಡಿದವರು, ಟ್ಯಾಂಕ್ ಓಡಿಸಿದವರು. 1942ರ ಮಾರ್ಚಿನಲ್ಲಿ ಒಂದೇ ಆದೇಶದಿಂದ ಒಂದು ಲಕ್ಷ ತರುಣಿಯರನ್ನು ವಿಮಾನ ನಿರೋಧಕ ದಳಗಳಿಗೆ ಕರೆಸಿದರು. ಬ್ರಿಟನ್ನಿನಲ್ಲಿ ಯಾವ ಗುಂಡನ್ನು ಮುಟ್ಟಕೂಡದು ಎಂದಿತ್ತೋ ಆ ಗುಂಡನ್ನು ಇವರು ತುಂಬಿದರು, ಹಾರಿಸಿದರು. ಮರೀನಾ ರಸ್ಕೋವಾ ಎಂಬ ಪ್ರಸಿದ್ಧ ವಿಮಾನ ನಾವಿಕೆ 1941ರ ಅಕ್ಟೋಬರಿನಲ್ಲಿ ಮೂರು ಮಹಿಳಾ ವೈಮಾನಿಕ ರೆಜಿಮೆಂಟುಗಳನ್ನು ಕಟ್ಟಿದಳು. ಅವುಗಳಲ್ಲಿ ಒಂದು, ರಾತ್ರಿ ಬಾಂಬು ಹಾಕುವ ದಳ. ಅವರಿಗೆ ಕೊಟ್ಟದ್ದು ಪ್ಲೈವುಡ್ ಮತ್ತು ಬಟ್ಟೆಯಿಂದ ಮಾಡಿದ, ತರಬೇತಿಗೆ ಬಳಸುತ್ತಿದ್ದ ಹಳೆಯ ಪೊ-2 ವಿಮಾನಗಳು. ಬಹುಕಾಲ ಅವರ ಬಳಿ ಪ್ಯಾರಾಚೂಟೂ ಇರಲಿಲ್ಲ. ಗುರಿಯ ಹತ್ತಿರ ಬಂದಾಗ ಎಂಜಿನ್ನಿನ ಸದ್ದಡಗಿಸಿ ತೇಲಿಬಂದು ಬಾಂಬು ಹಾಕುತ್ತಿದ್ದರು, ಮರಳಿ ಹೋಗಿ ಮತ್ತೆ ಬಾಂಬು ತುಂಬಿಸಿಕೊಂಡು ಅದೇ ರಾತ್ರಿ ಹಲವು ಬಾರಿ ಬರುತ್ತಿದ್ದರು. ಜರ್ಮನರು ಅವರನ್ನು ರಾತ್ರಿಯ ಮಾಟಗಾತಿಯರು ಎಂದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಹಾರಾಟ, ಒಂದೇ ರೆಜಿಮೆಂಟಿಗೆ ಇಪ್ಪತ್ತಕ್ಕೂ ಹೆಚ್ಚು ಸೋವಿಯತ್ ವೀರ ಬಿರುದುಗಳು. ಗುರಿಕಾರ್ತಿ ಲ್ಯುದ್ಮಿಲಾ ಪಾವ್ಲಿಚೆಂಕೊ ಹೆಸರಿನಲ್ಲಿ 309 ಶತ್ರು ಸೈನಿಕರ ಲೆಕ್ಕವಿದೆ. ಅವಳು 1942ರಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿನ ಪತ್ರಕರ್ತರು ರಣರಂಗದಲ್ಲಿ ಮುಖಕ್ಕೆ ಬಣ್ಣ ಹಚ್ಚಿಕೊಳ್ಳಬಹುದೇ ಎಂದು ಕೇಳಿದರು, ಸಮವಸ್ತ್ರದ ಲಂಗದ ಉದ್ದದ ಬಗ್ಗೆ ಟೀಕಿಸಿದರು.

ಅಂಥ ಸೋವಿಯತ್ ದೇಶದಲ್ಲಿ ಯುದ್ಧ ಗೆದ್ದ ಮೇಲೆ ಏನಾಯಿತು ಎಂಬುದು ನನ್ನ ವಾದಕ್ಕೆ ಇನ್ನೂ ಮುಖ್ಯ. 1945ರ ಅಕ್ಟೋಬರಿನಲ್ಲಿ ಆ ರಾತ್ರಿ ದಳವನ್ನು ವಿಸರ್ಜಿಸಿದರು. ಹೆಂಗಸರಲ್ಲಿ ಬಹುಪಾಲು ಮಂದಿಯನ್ನು ಸೇನೆಯಿಂದ ಬಿಡುಗಡೆ ಮಾಡಿದರು. ಅದೇ ವರ್ಷ ಜುಲೈಯಲ್ಲಿ ರಾಷ್ಟ್ರದ ಹಿರಿಯ ನಾಯಕ ಕಲೀನಿನ್ ಬಿಡುಗಡೆಯಾದ ಯೋಧೆಯರಿಗೆ ಬುದ್ಧಿ ಹೇಳಿದ: ನಿಮ್ಮ ಸೇವೆಯ ಬಗ್ಗೆ ನೀವೇ ಹೇಳಿಕೊಳ್ಳಬೇಡಿ, ಬೇಕಾದರೆ ಬೇರೆಯವರು ಹೇಳಲಿ. ಅಷ್ಟರಲ್ಲಿ ಸರ್ಕಾರ ಹತ್ತು ಮಕ್ಕಳನ್ನು ಹೆತ್ತು ಸಾಕಿದವಳಿಗೆ ವೀರಮಾತೆ ಎಂಬ ಬಿರುದನ್ನು 1944ರಲ್ಲೇ ಆರಂಭಿಸಿತ್ತು. ಎರಡೂವರೆ ಕೋಟಿಗೂ ಹೆಚ್ಚು ಜನ ಸತ್ತಿದ್ದರು, ಈಗ ಬೇಕಾದದ್ದು ಮಕ್ಕಳು. ಎಷ್ಟೋ ಯೋಧೆಯರು ತಾವು ಯುದ್ಧಕ್ಕೆ ಹೋಗಿದ್ದನ್ನೇ ಮುಚ್ಚಿಟ್ಟು ಬದುಕಿದರು; ರಣರಂಗಕ್ಕೆ ಹೋಗಿಬಂದವಳು ಎಂದರೆ ಮದುವೆಯಾಗುವುದು ಕಷ್ಟವಾಗಿತ್ತು. ನಲವತ್ತು ವರ್ಷಗಳ ನಂತರ ಲೇಖಕಿ ಸ್ವೆಟ್ಲಾನಾ ಅಲೆಕ್ಸಿಯೆವಿಚ್ ನೂರಾರು ಹೆಂಗಸರ ಮನೆಗೆ ಹೋಗಿ ಕೇಳಿ ಬರೆಯುವವರೆಗೆ ಅವರ ಮಾತು ಹೊರಬರಲಿಲ್ಲ. ನಾಲ್ಕು ವರ್ಷದಲ್ಲಿ ಹೆಣ್ಣಿನ ದೇಹ ಬದಲಾಗಲಿಲ್ಲ. ಬದಲಾದದ್ದು ಸರ್ಕಾರದ ಅಗತ್ಯ. ಅಮೆರಿಕದಲ್ಲಿ ಇದೇ ಸಂಗತಿ ಸದ್ದಿಲ್ಲದೆ ನಡೆಯಿತು. ಸೇನಾ ಮುಖ್ಯಸ್ಥ ಜಾರ್ಜ್ ಮಾರ್ಷಲ್ 1942ರ ಕೊನೆಯಲ್ಲಿ ವಾಷಿಂಗ್ಟನ್ನಿನ ಸುತ್ತ ಮಿಶ್ರ ಫಿರಂಗಿ ದಳಗಳ ಗುಟ್ಟಾದ ಪರೀಕ್ಷೆ ನಡೆಸಿದ. ಹೆಂಗಸರು ಚೆನ್ನಾಗಿ ಕೆಲಸ ಮಾಡಿದರೆಂದು ವರದಿ ಬಂತು. ಜನ ಒಪ್ಪಲಾರರು, ಸಂಸತ್ತು ಒಪ್ಪಲಾರದು ಎಂಬ ಅಂಜಿಕೆಯಿಂದ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದರು.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಬಲದ್ದು. ಸರಾಸರಿ ಗಂಡಸಿನ ತೋಳು, ಎದೆ, ಬೆನ್ನಿನ ಬಲ ಸರಾಸರಿ ಹೆಂಗಸಿಗಿಂತ ಬಹಳ ಹೆಚ್ಚು, ಇದು ನಿಜ. ಅಮೆರಿಕದ ಮರೀನ್ ದಳ 2015ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 134 ಬಗೆಯ ಕೆಲಸಗಳ ಪೈಕಿ ನೂರಕ್ಕೆ 69ರಷ್ಟರಲ್ಲಿ ಗಂಡಸರು ಮಾತ್ರ ಇದ್ದ ತಂಡಗಳು ಮಿಶ್ರ ತಂಡಗಳಿಗಿಂತ ಮೇಲಾದವು. ಇದನ್ನು ಮುಚ್ಚಿಟ್ಟು ವಾದ ಮಾಡುವುದು ಪ್ರಾಮಾಣಿಕತೆಯಲ್ಲ. ಆದರೆ ಬಲವೇ ಮಾನದಂಡವಾದರೆ ಸೇನೆಗಳು ಬಲವನ್ನೇ ಅಳೆಯಬೇಕಿತ್ತು. ಅವು ಹಾಗೆ ಮಾಡಲಿಲ್ಲ. 1914ರಲ್ಲಿ ಬ್ರಿಟನ್ ಐದು ಅಡಿ ಮೂರು ಇಂಚಿಗಿಂತ ಕುಳ್ಳಗಿನವರನ್ನು ತಿರಸ್ಕರಿಸುತ್ತಿತ್ತು. ಅದೇ ವರ್ಷದ ಕೊನೆಗೆ ಆಳು ಬೇಕಾದಾಗ ಐದು ಅಡಿಯವರಿಗಾಗಿ ಬರ್ಕನ್‌ಹೆಡ್‌ನಲ್ಲಿ ಪ್ರತ್ಯೇಕ ಬೆಟಾಲಿಯನ್ ಶುರುಮಾಡಿತು. ಕುಳ್ಳ ಗಂಡಸಿಗೆ ಅಳತೆ ಸಡಿಲವಾಯಿತು, ಎತ್ತರದ ಗಟ್ಟಿಗಿತ್ತಿಗೆ ಆಗಲಿಲ್ಲ. ಸರಾಸರಿಯ ಸತ್ಯವನ್ನು ಒಬ್ಬೊಬ್ಬರ ಮೇಲಿನ ನಿಷೇಧವಾಗಿ ಮಾರ್ಪಡಿಸಿದ್ದೇ ಅನ್ಯಾಯ. ಮೇಲಾಗಿ ಬಂದೂಕು, ವಿಮಾನಗಳು ಬಂದ ಹಾಗೆಲ್ಲ ಯುದ್ಧದಲ್ಲಿ ತೋಳಿನ ಬಲದ ಪಾಲು ಇಳಿಯುತ್ತಾ ಬಂತು. ನಿಷೇಧ ಮಾತ್ರ ಅದರೊಂದಿಗೆ ಇಳಿಯಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಹೆಂಗಸು ಹೆರುವವಳು, ಗಂಡಸರು ಸತ್ತರೆ ಕುಲ ಉಳಿಯುತ್ತದೆ, ಹೆಂಗಸರು ಸತ್ತರೆ ಉಳಿಯದು, ಆದ್ದರಿಂದ ಸಮಾಜಗಳು ಅವಳನ್ನು ಯುದ್ಧದಿಂದ ದೂರವಿಟ್ಟದ್ದು ವಿವೇಕ. ಇದರಲ್ಲಿ ಒಂದು ನಿಜವನ್ನು ನಾನು ಒಪ್ಪುತ್ತೇನೆ. ಗರ್ಭನಿಯಂತ್ರಣವಿಲ್ಲದ ಕಾಲದಲ್ಲಿ ಪ್ರಾಯದ ಬಹುಭಾಗವನ್ನು ಬಸಿರು, ಬಾಣಂತನ, ಎದೆಹಾಲುಗಳಲ್ಲಿ ಕಳೆಯುತ್ತಿದ್ದವಳು ತಿಂಗಳುಗಟ್ಟಲೆ ದಂಡಿನ ಜೊತೆ ಹೋಗುವುದು ಆಗದ ಮಾತು. ಹೋರಾಡಿದ ಹೆಂಗಸರು ಏಕೆ ಕಡಿಮೆ ಎಂಬುದಕ್ಕೆ ಇದು ಒಳ್ಳೆಯ ಕಾರಣ. ಎಲ್ಲರಿಗೂ ನಿಷೇಧ ಏಕೆ ಎಂಬುದಕ್ಕೆ ಇದು ಕಾರಣವಾಗದು. ವಿಧವೆ, ಬಂಜೆ ಎಂದು ಹೀಗಳೆಯಲ್ಪಟ್ಟವಳು, ಹೆರುವ ವಯಸ್ಸು ದಾಟಿದವಳು, ಇವರನ್ನೂ ಯಾರೂ ಕರೆಯಲಿಲ್ಲ. ಪಶ್ಚಿಮ ಆಫ್ರಿಕದ ದಹೋಮಿ ರಾಜ್ಯ ಈ ಸಮಸ್ಯೆಯನ್ನು ತನ್ನದೇ ರೀತಿಯಲ್ಲಿ ಬಗೆಹರಿಸಿತ್ತು. ಅಲ್ಲಿ 19ನೆಯ ಶತಮಾನದಲ್ಲಿ ದೊರೆ ಗೇಜೋ ಸಾವಿರಾರು ಹೆಂಗಸರ ದಂಡು ಬೆಳೆಸಿದ. ಅವರು ಹೆಸರಿಗೆ ದೊರೆಯ ಹೆಂಡಿರು, ಬೇರೆ ಮದುವೆಯಾಗುವಂತಿಲ್ಲ, ಹೆರುವಂತಿಲ್ಲ. 1890ರ ಮತ್ತು 1892ರ ಯುದ್ಧಗಳಲ್ಲಿ ಅವರನ್ನು ಎದುರಿಸಿದ ಫ್ರೆಂಚರು ಅವರ ಕೆಚ್ಚನ್ನು ಬರೆದಿಟ್ಟಿದ್ದಾರೆ. ಆ ಹೆಂಗಸರಿಗೆ ಸ್ವಾತಂತ್ರ್ಯವಿತ್ತೆಂದು ನಾನು ಹೇಳುವುದಿಲ್ಲ. ಆ ರಾಜ್ಯ ನೆರೆಹೊರೆಯವರನ್ನು ಸೆರೆಹಿಡಿದು ಗುಲಾಮರಾಗಿ ಮಾರಿ ಬೆಳೆದದ್ದು. ದೊರೆಗೆ ಬೇಕಾದಾಗ ತಾಯ್ತನದ ನಿಯಮವನ್ನೇ ಬದಲಿಸಬಹುದಿತ್ತು ಎಂಬುದಷ್ಟೇ ಅದರಿಂದ ತಿಳಿಯುವುದು.

ಇನ್ನು, ಹೆಂಗಸರನ್ನು ಯುದ್ಧದಿಂದ ಕಾಪಾಡಿದ್ದು ಗೌರವವಲ್ಲವೇ ಎಂದು ಕೇಳುವವರಿದ್ದಾರೆ. ಕಾಪಾಡಿದ್ದರೆ ನಮ್ಮ ನಾಡಿನಲ್ಲಿ ಪೆಣ್ಬುಯ್ಯಲು ಎಂಬ ಬಗೆಯ ಕಲ್ಲುಗಳೇ ಇರುತ್ತಿರಲಿಲ್ಲ. ಮುತ್ತಿಗೆಯಲ್ಲಿ ಹಸಿದವರು, ಊರು ಬಿದ್ದಾಗ ಸೆರೆಸಿಕ್ಕವರು, ಸೋತ ಕಡೆಯವರೆಂದು ಬಲಾತ್ಕಾರಕ್ಕೆ ಒಳಗಾದವರು ಯಾವ ಯುದ್ಧದಲ್ಲೂ ಕಡಿಮೆಯಿಲ್ಲ. ದಂಡಿನ ಹಿಂದೆ ಬೇಯಿಸಿ, ಹೊತ್ತು, ಗಾಯ ತೊಳೆದು ನಡೆದ ಹೆಂಗಸರಿಗೆ ಸಂಬಳವೂ ಇರಲಿಲ್ಲ, ಕಲ್ಲೂ ಇರಲಿಲ್ಲ. ಯುದ್ಧ ಹೆಣ್ಣನ್ನು ಬಿಟ್ಟದ್ದು ಒಂದೇ ವಿಷಯದಲ್ಲಿ: ಅದರ ಪ್ರತಿಫಲದಲ್ಲಿ. ಇಂಗ್ಲೆಂಡಿನಲ್ಲಿ ಹೆಂಗಸರ ಮತದಾನದ ಹಕ್ಕನ್ನು ವಿರೋಧಿಸಿದವರು ಬಹುಕಾಲ ಒಂದು ವಾದ ಹೂಡಿದರು: ದೇಶಕ್ಕಾಗಿ ಹೋರಾಡಲಾರದವರಿಗೆ ದೇಶದ ಆಡಳಿತದಲ್ಲಿ ಮಾತು ಏಕೆ? ಹೋರಾಡಲು ಬಿಡದೆ, ಹೋರಾಡಲಿಲ್ಲ ಎಂದು ಹಕ್ಕು ತಡೆಯುವ ಈ ವಾದ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, 1918ರ ಕಾನೂನಿನಲ್ಲಿ ಗಂಡಸಿಗೆ 21 ವರ್ಷಕ್ಕೆ, ಯುದ್ಧಸೇವೆ ಮಾಡಿದವನಿಗೆ 19 ವರ್ಷಕ್ಕೇ ಮತ ಸಿಕ್ಕಿತು. ಹೆಂಗಸಿಗೆ 30 ವರ್ಷವಾಗಬೇಕಿತ್ತು, ಅದರ ಮೇಲೆ ಆಸ್ತಿಯ ಷರತ್ತೂ ಇತ್ತು. ಆತ್ಮಸಾಕ್ಷಿಯ ಕಾರಣಕ್ಕೆ ಸೇನೆ ಸೇರಲೊಲ್ಲದ ಗಂಡಸರ ಮತವನ್ನು ಅದೇ ಕಾನೂನು ಐದು ವರ್ಷ ಕಿತ್ತುಕೊಂಡಿತು. ಕೊಲ್ಲಲು ಒಪ್ಪದ ಗಂಡು, ಕೊಲ್ಲಲು ಬಿಡದ ಹೆಣ್ಣು, ಇಬ್ಬರ ಪೌರತ್ವವೂ ಅರ್ಧವಾಯಿತು.

ಯುದ್ಧವೇ ಕೆಟ್ಟದ್ದಾಗಿರುವಾಗ ಅದರಲ್ಲಿ ಸಮಪಾಲು ಕೇಳುವುದು ಏಕೆ ಎಂಬ ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಯುದ್ಧ ಕೆಟ್ಟದ್ದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹೆಣ್ಣನ್ನು ಹೊರಗಿಟ್ಟದ್ದರಿಂದ ಜಗತ್ತಿನಲ್ಲಿ ಒಂದು ಯುದ್ಧವೂ ನಿಂತಿಲ್ಲ. ಅದರ ಬದಲು, ಹೆಣ್ಣಿನ ರಕ್ಷಣೆ ಎಂಬ ಹೆಸರಿನಲ್ಲಿ ಗಂಡಸರನ್ನು ಸಾವಿಗೆ ಕಳಿಸುವುದು ಸುಲಭವಾಯಿತು. 1917ರಲ್ಲಿ ರಷ್ಯದ ಹಂಗಾಮಿ ಸರ್ಕಾರ ಮರೀಯಾ ಬೊಚ್ಕರ್ಯೋವಾಳ ನಾಯಕತ್ವದಲ್ಲಿ ಹೆಂಗಸರ ಬೆಟಾಲಿಯನ್ ಕಟ್ಟಿದ್ದು ಕೂಡ ಮುಖ್ಯವಾಗಿ ಯುದ್ಧ ಸಾಕಾಗಿ ಹಿಂದೆಗೆಯುತ್ತಿದ್ದ ಗಂಡಸರನ್ನು ನಾಚಿಸಲು. ಗಂಡಸನ್ನು ಹುಟ್ಟು ಯೋಧ ಎನ್ನುವ ನಂಬಿಕೆ ಇರುವವರೆಗೆ ಹೋಗಲಾರೆ ಎಂದು ಹೇಳುವ ಹಕ್ಕು ಅವನಿಗೆ ಬರುವುದಿಲ್ಲ.

ನಮ್ಮ ದೇಶದಲ್ಲಿ ಈ ಗೆರೆ ಈಗ ಸರಿಯುತ್ತಿದೆ. 1943ರಲ್ಲಿ ಸಿಂಗಾಪುರದಲ್ಲಿ ಸುಭಾಷ್‌ಚಂದ್ರ ಬೋಸರು ಕಟ್ಟಿದ ಝಾನ್ಸಿ ರಾಣಿ ರೆಜಿಮೆಂಟಿಗೆ ಡಾಕ್ಟರ್ ಲಕ್ಷ್ಮಿ ಸ್ವಾಮಿನಾಥನ್ ಮುಖ್ಯಸ್ಥೆಯಾದರು, ಮಲಯದ ರಬ್ಬರ್ ತೋಟಗಳ ತಮಿಳು ಕೂಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಸ್ವತಂತ್ರ ಭಾರತದ ಭೂಸೇನೆಯಲ್ಲಿ ವೈದ್ಯಕೀಯ ವಿಭಾಗದ ಆಚೆಗೆ ಹೆಂಗಸರು ಅಧಿಕಾರಿಗಳಾಗಿ ಬಂದದ್ದು 1992ರಿಂದ. 2016ರಲ್ಲಿ ಮೂವರು ಯುದ್ಧವಿಮಾನದ ಪೈಲಟ್‌ಗಳಾದರು. ಸಾಮಾನ್ಯ ಸಿಪಾಯಿಗಳಾಗಿ ಹೆಂಗಸರ ಮೊದಲ ತಂಡ, 83 ಮಂದಿ, ಸೇನಾ ಪೊಲೀಸ್ ದಳಕ್ಕೆ ತರಬೇತಿ ಮುಗಿಸಿ ಹೊರಬಂದದ್ದು 2021ರ ಮೇ ತಿಂಗಳಲ್ಲಿ, ನಮ್ಮ ಬೆಂಗಳೂರಿನಿಂದ. ಅದಕ್ಕೂ ಮುಂಚೆ, 2020ರ ಫೆಬ್ರವರಿ 17ರಂದು, ಸುಪ್ರೀಂ ಕೋರ್ಟಿನ ಮುಂದೆ ಮಹಿಳಾ ಅಧಿಕಾರಿಗಳ ಕಾಯಂ ನೇಮಕದ ಮೊಕದ್ದಮೆ ತೀರ್ಮಾನವಾಯಿತು. ಹಳ್ಳಿಗಾಡಿನಿಂದ ಬಂದ ಗಂಡು ಸಿಪಾಯಿಗಳು ಹೆಂಗಸಿನ ಆಜ್ಞೆ ಪಾಲಿಸಲು ಇನ್ನೂ ಮನಸ್ಸಿನಿಂದ ಸಿದ್ಧರಾಗಿಲ್ಲ ಎಂದು ಸರ್ಕಾರ ವಾದಿಸಿತ್ತು. ಕಿತ್ತೂರಿನ, ಕೆಳದಿಯ, ಉಳ್ಳಾಲದ ಸೈನಿಕರು ಎಲ್ಲಿಂದ ಬಂದವರು? ಅವರೂ ಹಳ್ಳಿಯವರೇ. ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಮರುವರ್ಷ ಪುಣೆ ಬಳಿಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಪರೀಕ್ಷೆಯನ್ನು ಹುಡುಗಿಯರಿಗೂ ತೆರೆಯಿಸಿತು. 2025ರ ಮೇ ತಿಂಗಳಲ್ಲಿ ಅಲ್ಲಿಂದ 17 ಯುವತಿಯರ ಮೊದಲ ತಂಡ ಹೊರಬಂತು.

ಪದಾತಿ ದಳ ಮತ್ತು ಟ್ಯಾಂಕ್ ದಳಗಳಿಗೆ ಹೆಂಗಸರು ಇನ್ನೂ ಸೇರುವಂತಿಲ್ಲ. ಆ ಕೆಲಸ ಕಠಿಣವಾದದ್ದು, ಹಲವು ಹೆಂಗಸರು ಪರೀಕ್ಷೆಯಲ್ಲಿ ನಿಲ್ಲದೆ ಹೋಗಬಹುದು. ಹಲವು ಗಂಡಸರೂ ನಿಲ್ಲುವುದಿಲ್ಲ. ಎಷ್ಟು ಕಿಲೋ ಹೊರಬೇಕು, ಎಷ್ಟು ದೂರ ನಡೆಯಬೇಕು, ಎಷ್ಟು ಹೊತ್ತಿನಲ್ಲಿ ಮುಗಿಸಬೇಕು ಎಂದು ಸೇನೆ ನಿಗದಿ ಮಾಡಲಿ, ಅದನ್ನು ಒಂದು ಗುಲಗಂಜಿಯಷ್ಟೂ ಸಡಿಲಿಸದೆ ಎಲ್ಲರಿಗೂ ಒಂದೇ ಸಮ ಅನ್ವಯಿಸಲಿ. ಪಾಸಾದವರನ್ನು ತೆಗೆದುಕೊಳ್ಳಲಿ, ಆಗದವರನ್ನು ಕಳಿಸಲಿ. ಅರ್ಜಿಯಲ್ಲಿ ಹೆಣ್ಣು ಎಂದು ಬರೆದಿರುವ ಕಾರಣಕ್ಕೆ ಪರೀಕ್ಷೆಯೇ ಇಲ್ಲದೆ ತಿರಸ್ಕರಿಸುವುದು ನಿಲ್ಲಬೇಕು.